ಅಪ್ಪಯ್ಯ ಕೇಳಿದ ಏರ್‌ಗನ್, ನಾನು ಒಯ್ದ ಜಾಲರಿ

ಬುಧವಾರ ಬೆಳಿಗ್ಗೆ ಪುಣೆಯ ಹಿಂಜವಡಿ ಆಫೀಸಿನಲ್ಲಿ ಮೀಟಿಂಗಿಗೆ ನಿಂತಿದ್ದೆ. ಅಪ್ಪಯ್ಯನ ಫೋನ್ ಬಂತು. ಅವರು ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವರಲ್ಲ. ಗಾಬರಿಯಿಂದ ಹೊರಗೆ ಬಂದು ಎತ್ತಿದರೆ, "ನಿನ್ನಮ್ಮನ ಮೂರು ಹೇಂಟೆ ಹೋದ್ವು ಮಾರಾಯ. ಒಂದು ಏರ್‌ಗನ್ ತಗೊಂಡು ಬಾ. ಅದಕ್ಕೆ ಲೈಸೆನ್ಸ್ ಬೇಡವಂತೆ" ಎಂದರು.

ನಮ್ಮ ಮನೆ ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಒಳಗಡೆ. ಮುಂದೆ ಅಡಿಕೆ ತೋಟ, ಪಕ್ಕದಲ್ಲಿ ಒಂದಿಷ್ಟು ಕಾಫಿ, ಹಿಂದೆ ಕಾಡು. ಅಮ್ಮ ಮೊದಲಿನಿಂದಲೂ ಹದಿನೈದು ಇಪ್ಪತ್ತು ನಾಟಿ ಕೋಳಿ ಸಾಕುತ್ತಾರೆ. ಅಡಿಕೆ ದುಡ್ಡು ಅಪ್ಪಯ್ಯನದು, ಮೊಟ್ಟೆ ದುಡ್ಡು ಅಮ್ಮನದು. ಅದರ ಲೆಕ್ಕ ಯಾರೂ ಕೇಳುವಂತಿಲ್ಲ. ಅಜ್ಜನ ಕಾಲದಲ್ಲಿ ಬೆಳೆ ಕಾಯಲೆಂದು ಲೈಸೆನ್ಸಿನ ಒಂಟಿನಳಿಗೆ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಕೊಟ್ಟು ಮತ್ತೆ ಬಿಡಿಸಿಕೊಂಡು ಬರಬೇಕು, ನವೀಕರಣಕ್ಕೆ ಅಲೆಯಬೇಕು. ಅಜ್ಜ ಹೋದ ಮೇಲೆ ಅಪ್ಪಯ್ಯ ಅದನ್ನು ಒಪ್ಪಿಸಿಬಿಟ್ಟರು. ಹಾಗಾಗಿ ಲೈಸೆನ್ಸೇ ಬೇಡದ ಗನ್ ಎಂದರೆ ಅವರಿಗೆ ಆಸೆ ಹುಟ್ಟಿದ್ದು ಸಹಜ.

ನನಗೂ ಹುಟ್ಟಿತು, ಸುಳ್ಳು ಹೇಳುವುದಿಲ್ಲ. ಊರಿಂದ ಆರುನೂರು ಕಿಲೋಮೀಟರ್ ದೂರ ಇರುವವನಿಗೆ ಅಪ್ಪ ಅಮ್ಮನಿಗಾಗಿ ಏನಾದರೂ ಖರೀದಿಸುವ ಅವಕಾಶ ಸಿಕ್ಕರೆ ಅದೇ ಒಂದು ಸಮಾಧಾನ. ಅಂದೇ ರಾತ್ರಿ ಎಕ್ಸೆಲ್ ಶೀಟ್ ತೆರೆದು ಕೂತೆ.

ಶೀಟಿನಲ್ಲಿ ಕಂಡದ್ದು

ಏರ್ ರೈಫಲ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸ್ಪ್ರಿಂಗಿನದು. ನಳಿಗೆಯನ್ನು ಮುರಿದಂತೆ ಬಗ್ಗಿಸಿದಾಗ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಎರಡನೆಯದು ಗ್ಯಾಸ್ ರಾಮ್. ಕೆಲಸ ಅದೇ, ಸ್ಪ್ರಿಂಗಿನ ಬದಲು ಮುಚ್ಚಿದ ಕೊಳವೆಯಲ್ಲಿ ಗ್ಯಾಸ್ ಇರುತ್ತದೆ. ಮೂರನೆಯದು ಪಿಸಿಪಿ. ಅದರ ಸಿಲಿಂಡರಿಗೆ ಮೊದಲೇ ಗಾಳಿ ತುಂಬಿಡಬೇಕು. ಹೊಡೆತ ನಿಖರ, ಆದರೆ ಗನ್ ದುಬಾರಿ, ಅದರ ಪಂಪು ಬೇರೆ.

ಸ್ಪ್ರಿಂಗಿನ ಗನ್ನಿಗೆ ಒಂದು ವಿಚಿತ್ರ ಗುಣ ಇದೆ. ಹೊಡೆದಾಗ ಮೊದಲು ಹಿಂದಕ್ಕೆ, ತಕ್ಷಣ ಮುಂದಕ್ಕೆ ಒದೆಯುತ್ತದೆ. ಅಗ್ಗದ ಸ್ಕೋಪ್ ಹಾಕಿದರೆ ಈ ಎರಡು ಕಡೆಯ ಏಟಿಗೆ ಕೆಲವೇ ದಿನದಲ್ಲಿ ಕೆಟ್ಟುಹೋಗುತ್ತದೆ. ಗನ್ನನ್ನು ಬಿಗಿಯಾಗಿ ಹಿಡಿದರೆ ಗುರಿ ಒಂದು ಕಡೆ, ಸಡಿಲವಾಗಿ ಹಿಡಿದರೆ ಇನ್ನೊಂದು ಕಡೆ. ಕೈ ಹದಕ್ಕೆ ಬರಲು ನೂರಾರು ಪೆಲೆಟ್ ಖರ್ಚಾಗಬೇಕು.

ಕಾನೂನಿನ ಮಿತಿ ಹೀಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಬಾಯಲ್ಲಿ ಶಕ್ತಿ 20 ಜೂಲ್ ಮೀರಿದರೆ ಅಥವಾ ಬೋರ್ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಿದರೆ ಲೈಸೆನ್ಸ್ ಬೇಕು. ಅದರೊಳಗೆ ಲೆಕ್ಕ ಹಾಕಿದೆ. ಸಾಮಾನ್ಯ ಪೆಲೆಟ್ ತೂಕ ಸುಮಾರು ಅರ್ಧ ಗ್ರಾಂ. 20 ಜೂಲ್ ಶಕ್ತಿಗೆ ಅದರ ವೇಗ ಸೆಕೆಂಡಿಗೆ ಸುಮಾರು 280 ಮೀಟರ್. ಇಪ್ಪತ್ತೈದು ಮೀಟರ್ ಹೋಗುವಷ್ಟರಲ್ಲಿ ಸುಮಾರು ಕಾಲು ಭಾಗ ಶಕ್ತಿ ಗಾಳಿಗೇ ಹೋಗಿರುತ್ತದೆ.

ಯೂಟ್ಯೂಬಿನಲ್ಲಿ ಬ್ರಿಟನ್ನಿನವರು ಇಂಥದೇ ಗನ್ನಿನಿಂದ ಮೊಲ, ಇಲಿ ಹೊಡೆಯುವುದನ್ನು ನೋಡಿದೆ. ಅಲ್ಲಿ ಲೈಸೆನ್ಸಿಲ್ಲದ ರೈಫಲ್‌ನ ಮಿತಿ ಇನ್ನೂ ಕಡಿಮೆ, ಸುಮಾರು 16 ಜೂಲ್. ಅವರು ಅಷ್ಟರಲ್ಲೇ ಕೆಲಸ ಮುಗಿಸುವುದು ತಲೆಗೇ ಹೊಡೆಯುವುದರಿಂದ. ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಪ್ರತಿ ಸಲವೂ ಬಿದ್ದರೆ ಮಾತ್ರ ಪ್ರಾಣಿ ಅಲ್ಲೇ ಸಾಯುತ್ತದೆ. ತಪ್ಪಿದರೆ ಪೆಲೆಟ್ ಹೊತ್ತುಕೊಂಡು ಹೋಗಿ ಯಾವುದೋ ಪೊದೆಯಲ್ಲಿ ನಾಲ್ಕು ದಿನ ನರಳುತ್ತದೆ. ಎಂಟು ಹತ್ತು ಕಿಲೋ ತೂಗುವ ನರಿಗೆ ಈ ಗನ್ ಗಾಯ ಮಾಡಬಲ್ಲದು, ಅಷ್ಟೇ.

ಸಹೋದ್ಯೋಗಿಯೊಬ್ಬ ಭಾನುವಾರಗಳಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾನೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಸ್ಪರ್ಧೆ ಅದೇ. ಆ ಗುರಿಹಾಳೆಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅವನ ಜೊತೆ ಹೋಗಿ ನಾನೂ ಹತ್ತು ಪೆಲೆಟ್ ಹೊಡೆದೆ. ನಾಲ್ಕು ಮಾತ್ರ ಕಪ್ಪು ಭಾಗಕ್ಕೆ ಬಿದ್ದವು. ಅದೂ ಬೆಳಕಿನಲ್ಲಿ, ಅಲುಗಾಡದ ಗುರಿಗೆ, ಹತ್ತೇ ಮೀಟರಿನಿಂದ. ನಮ್ಮ ಮನೆಯ ಜಗಲಿಯಿಂದ ಕೋಳಿಗೂಡಿಗೆ ಅದರ ಎರಡು ಪಟ್ಟು ದೂರ.

ಅಂಗಡಿಯವರ ಮಾತು

ಆದರೂ ಅಂಗಡಿಗೆ ಹೋದೆ. ಸ್ಪ್ರಿಂಗಿನ ರೈಫಲ್, ಏಟು ತಡೆಯುವ ಸ್ಕೋಪ್, ಮೌಂಟ್, ಎರಡು ಡಬ್ಬ ಪೆಲೆಟ್ ಎಲ್ಲ ಸೇರಿ 17 ಸಾವಿರ ಎಂದರು. ಗುರುತಿನ ಚೀಟಿಯ ಪ್ರತಿ, ಫೋಟೊ ಕೇಳಿದರು. ಕೊಡುತ್ತಾ, ಊರಲ್ಲಿ ಕೋಳಿ ಹಿಡಿಯುವ ಮುಂಗುಸಿಗೆ ಎಂದೆ. ವಯಸ್ಸಾದ ಅಂಗಡಿಯವರು ಬಿಲ್ ಪುಸ್ತಕ ಮುಚ್ಚಿದರು. "ಗುರಿ ಅಭ್ಯಾಸಕ್ಕಾದರೆ ಕೊಡುತ್ತೇನೆ. ಮುಂಗುಸಿಗೆ ಅಂದರೆ ನೀವು ಮೊದಲು ಕಾನೂನು ಓದಿ ಬನ್ನಿ" ಎಂದರು.

ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯ ಮಾಡುವುದು, ಬೋನಿಗೆ ಬೀಳಿಸುವುದು, ಆಮಿಷ ಇಡುವುದು ಎಲ್ಲವೂ ಸೇರುತ್ತದೆ. ಮುಂಗುಸಿ, ಕಾಡುಬೆಕ್ಕು, ಪುನುಗು ಬೆಕ್ಕು, ನರಿ, ಹದ್ದು ಎಲ್ಲಕ್ಕೂ ಆ ಕಾಯ್ದೆಯ ರಕ್ಷಣೆ ಇದೆ. ಒಂದನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಮನುಷ್ಯರ ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ವಿನಾಯಿತಿ ಇದೆ, ಕೋಳಿ ಉಳಿಸಿಕೊಳ್ಳಲು ಇಲ್ಲ. ಬೀದಿನಾಯಿಗೆ ಹೊಡೆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಉಳಿಯುವುದು ಮನೆಯ ಇಲಿ, ಹೆಗ್ಗಣ ಮಾತ್ರ.

ಗನ್ ಕೊಳ್ಳಲು ಲೈಸೆನ್ಸ್ ಬೇಡ ಎಂಬುದನ್ನೇ ನಾವು ಹೊಡೆಯಲು ಅಡ್ಡಿಯಿಲ್ಲ ಎಂದು ತಿಳಿದುಕೊಂಡಿದ್ದೇವೆ. ಎರಡೂ ಬೇರೆ ಬೇರೆ. ಇಂಥ ಗನ್ನುಗಳಿಂದ ಹಕ್ಕಿ, ಸಣ್ಣ ಪ್ರಾಣಿ ಖಾಲಿಯಾಗುತ್ತಿವೆ ಎಂದೇ 2021ರಲ್ಲಿ ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಸಾವಿರಕ್ಕೂ ಹೆಚ್ಚು ಗನ್ನುಗಳನ್ನು ಜನರೇ ತಂದು ಕೊಟ್ಟರು.

ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆ. "ಕಾನೂನು ಪುಣೆಯಲ್ಲಿ ಕೂತು ಓದ್ಬಹುದು. ಇಲ್ಲಿ ಒಡ್ಡಿ ಖಾಲಿಯಾಗ್ತಾ ಇದೆ" ಎಂದು ಫೋನ್ ಇಟ್ಟರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

ಕಳ್ಳ ಯಾರು?

ದೋಷ ಎಲ್ಲಿದೆ ಎಂದು ತಿಳಿಯದೆ ಕೋಡ್ ಬದಲಿಸಬಾರದು ಎಂದು ಆಫೀಸಿನಲ್ಲಿ ಹೊಸ ಹುಡುಗರಿಗೆ ಹೇಳುವವನು ನಾನೇ. ಕೋಳಿ ಯಾವ ಹೊತ್ತಿಗೆ ಹೋಯಿತು ಎಂದು ನಾನು ಕೇಳಿಯೇ ಇರಲಿಲ್ಲ. ಮತ್ತೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಎರಡು ರಾತ್ರಿ, ಒಂದು ಹಗಲು ಎಂದರು. ಮುಂಗುಸಿ ಹಗಲು ತಿರುಗುವ ಪ್ರಾಣಿ. ಪುನುಗು, ಕಾಡುಬೆಕ್ಕು ಹೆಚ್ಚಾಗಿ ರಾತ್ರಿಯವು. ಅಲ್ಲಿಗೆ ಕಳ್ಳರು ಇಬ್ಬರಾದರು.

ರಜೆ ಹಾಕಿ ಹುಬ್ಬಳ್ಳಿ, ಶಿವಮೊಗ್ಗ ದಾಟಿ ಊರಿಗೆ ಹೋದೆ. ಮೆಮೊರಿ ಕಾರ್ಡಿನ ಒಂದು ಸಣ್ಣ ಕ್ಯಾಮೆರಾ ಒಯ್ದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆ. ಮೂರು ದಿನದ ದೃಶ್ಯ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಹಗಲು ಹನ್ನೊಂದರ ಹೊತ್ತಿಗೆ ಕಾಫಿ ಗಿಡದ ಬುಡದಿಂದ ಮುಂಗುಸಿ ಬಂದು ಗೂಡಿನ ಸುತ್ತ ಮೂಸಿ ಹೋಗಿತ್ತು. ರಾತ್ರಿ ಎರಡು ಗಂಟೆಗೆ ಪುನುಗು ಬೆಕ್ಕು ಬಾಗಿಲನ್ನೇ ತಳ್ಳಿ ಒಳಗೆ ಹೋಗಿತ್ತು. ಬಾಗಿಲಿಗೆ ಚಿಲಕ ಬಿದ್ದೇ ಇರಲಿಲ್ಲ.

ಹಿಂದಿನ ಸಂಜೆಯ ದೃಶ್ಯಕ್ಕೆ ಹೋದೆ. ಆರೂಮುಕ್ಕಾಲಿಗೆ ಅಪ್ಪಯ್ಯ ಗೂಡು ಮುಚ್ಚಲು ಬಂದಿದ್ದಾರೆ. ನೆಲಮಟ್ಟದ ಬಾಗಿಲಿಗೆ ಬಗ್ಗಿ ಚಿಲಕಕ್ಕಾಗಿ ಕೈಯಾಡಿಸುತ್ತಿದ್ದಾರೆ. ಕೈಗೆ ಸಿಕ್ಕಿತು ಎಂದುಕೊಂಡು ಎದ್ದು ಹೋಗಿದ್ದಾರೆ. ಅದು ಸಿಕ್ಕಿರಲಿಲ್ಲ. ಅವರಿಗೆ ಅದು ಕಂಡೇ ಇರಲಿಲ್ಲ.

ಅಮ್ಮನನ್ನು ಕೇಳಿದೆ. "ಪೊರೆ ಬಂದಿದೆ ಕಣೋ, ಎರಡೂ ಕಣ್ಣಿಗೆ. ನಿಂಗೆ ಹೇಳ್ಬೇಡ ಅಂದಿದ್ರು. ನಂಗೂ ಮಳೆಗಾಲದಿಂದ ಮಂಡಿನೋವು, ಸಂಜೆ ಆ ಮೆಟ್ಟಿಲು ಇಳಿಯಕ್ಕಾಗಲ್ಲ" ಎಂದರು. ಮೊದಲು ಈ ಕಾವಲೆಲ್ಲ ನಮ್ಮ ನಾಯಿ ರಾಜನದಾಗಿತ್ತು. ಅದು ಹೋದ ವರ್ಷ ಸತ್ತಿತ್ತು. ಕಾಡು ಹೊಸದಾಗಿ ಏನೂ ಮನೆಯ ಹತ್ತಿರ ಬಂದಿರಲಿಲ್ಲ, ಮನೆಯ ಕಾವಲು ಒಂದೊಂದಾಗಿ ಹೋಗಿತ್ತು. ನಾನು ಅದಕ್ಕೆ ಸ್ಕೋಪ್ ಹುಡುಕುತ್ತಿದ್ದೆ. ಪೊರೆ ಬಂದ ಕಣ್ಣಿನವರ ಕೈಗೆ ರೈಫಲ್ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಗೂಡಿನ ಹಿಂದೆಯೇ ಪಕ್ಕದ ಮನೆಯ ಮಕ್ಕಳು ಶಾಲೆಗೆ ಹೋಗುವ ಕಾಲುದಾರಿ ಇದೆ. ಪೆಲೆಟ್ ನೂರಾರು ಮೀಟರ್ ಹಾರುತ್ತದೆ, ಕಲ್ಲಿಗೆ ಬಡಿದರೆ ದಿಕ್ಕು ಬದಲಿಸುತ್ತದೆ.

ಮಾಡಿದ ಕೆಲಸ

ಮರುದಿನ ತೀರ್ಥಹಳ್ಳಿಗೆ ಹೋಗಿ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತಂದೆ. ಕೋಳಿಗೆಂದು ಮಾರುವ ಆರು ಮೂಲೆಯ ತೆಳು ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಕಡಿದು ಎಳೆಯುವ ಪ್ರಾಣಿಯನ್ನು ಹೊರಗಿಡುವುದಿಲ್ಲ. ಜಾಲರಿಯನ್ನು ಗೋಡೆಯ ಬುಡದಲ್ಲೇ ನಿಲ್ಲಿಸದೆ ಹೊರಗಡೆಗೆ ಒಂದು ಅಡಿ ಮಡಚಿ ಮಣ್ಣಿನಲ್ಲಿ ಹೂತೆವು. ಬುಡದಲ್ಲಿ ಕೆರೆಯುವ ಪ್ರಾಣಿಗೆ ಕಾಲ ಕೆಳಗೇ ಜಾಲರಿ ಸಿಗುತ್ತದೆ. ಹೆಂಚಿನ ಕೆಳಗಿನ ಸಂದಿಗಳನ್ನು ಮುಚ್ಚಿದೆವು. ತಲೆ ತೂರುವಷ್ಟು ಸಂದಿ ಇದ್ದರೂ ಮುಂಗುಸಿಗೆ ಸಾಕು. ಗೂಡಿನ ಮುಂದೆ ಮೇಲೂ ಜಾಲರಿ ಹೊದಿಸಿದ ಅಂಗಳ ಮಾಡಿ, ಮರಿಗಳು ಹಗಲು ಅದರೊಳಗೇ ಇರುವಂತೆ ಮಾಡಿದೆವು.

ಕತ್ತಲಾದಾಗ ತಾನೇ ಮುಚ್ಚುವ ಮೋಟರ್ ಬಾಗಿಲು ಹಾಕೋಣ ಎಂದು ನನಗಿತ್ತು. "ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲ್ಲ, ಆಗ ನೀನು ಬಂದು ಮುಚ್ತೀಯಾ?" ಎಂದರು ಅಪ್ಪಯ್ಯ. ಮೋಟರ್ ಬಿಟ್ಟೆವು. ಗೂಡನ್ನೇ ಕಂಬದ ಮೇಲೆ ಎತ್ತರಿಸಿ, ಬಾಗಿಲನ್ನು ಸೊಂಟದ ಮಟ್ಟಕ್ಕೆ ತಂದು, ಕತ್ತಲಲ್ಲೂ ಕೈಗೆ ಸಿಗುವ ದೊಡ್ಡ ಅಗುಳಿ ಹಾಕಿಸಿದೆವು. ಬಡಗಿಯ ಕೂಲಿ ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ರೈಫಲ್‌ಗೆ ಇಟ್ಟುಕೊಂಡಿದ್ದ ಉಳಿದ ಹಣ ಹಿಡಿದು ಅವರನ್ನು ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಂದು ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದಕ್ಕೆ ದಿನ ಗೊತ್ತಾಗಿದೆ.

ನಿಮ್ಮ ಊರಿನಿಂದಲೂ ಇಂಥದೊಂದು ಫೋನ್ ಬಂದರೆ ಮೊದಲು ಯಾವ ಹೊತ್ತಿಗೆ ಹೋಯಿತು, ಎಲ್ಲಿಂದ ನುಗ್ಗಿತು ಎಂದು ಕೇಳಿ. ಆಮೇಲೆ ಸಂಜೆ ಬಾಗಿಲು ಹಾಕುವವರು ಯಾರು ಎಂದೂ ಕೇಳಿ. ಏರ್ ರೈಫಲ್ ಬೇಕೆನಿಸಿದರೆ ಗುರಿಹಾಳೆಗೆ ಹೊಡೆಯಲು ಕಲಿಯಿರಿ, ಒಳ್ಳೆಯ ಆಟ ಅದು.

ಮುಂಗುಸಿ ಈಗಲೂ ಬರುತ್ತದೆ. ಕಳೆದ ತಿಂಗಳು ತೋಟದಲ್ಲಿ ಮೇಯುತ್ತಿದ್ದ ಒಂದು ಪಿಳ್ಳೆಯನ್ನು ಒಯ್ದಿತು. ಆವತ್ತು ಅಪ್ಪಯ್ಯ, "ಗನ್ ಇದ್ದಿದ್ರೆ..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದರು. ಈಗ ಪಕ್ಕದ ಮನೆಯಿಂದ ಒಂದು ನಾಯಿಮರಿ ತಂದಿದ್ದಾರೆ. ಪ್ರತಿ ಭಾನುವಾರ ಸಂಜೆ ಗೂಡಿನ ಅಗುಳಿ ಹಾಕಿ ಫೋನ್ ಮಾಡುತ್ತಾರೆ. ಮಳೆ, ಅಡಿಕೆ ಧಾರಣೆ ಎಲ್ಲ ಮುಗಿದ ಮೇಲೆ ಕೊನೆಗೆ ಕೋಳಿ ಲೆಕ್ಕ. ಈ ವಾರ ಹದಿನೇಳು ಇವೆ.