ಆಟದಲ್ಲಿ ಜೀವ ಹೋದ್ರೆ ಹೊಣೆ ಯಾರದ್ದು?

ಆಟದಲ್ಲಿ ಯಾರಾದ್ರೂ ಜೀವ ಕಳ್ಕೊಂಡಾಗ ಮೊದಲು ಕೇಳೋ ಮಾತು ‘ಅವನೇ ಎಡವಿದ’ ಅಂತ. ಅಷ್ಟಕ್ಕೇ ಮುಗೀತಾ?

2010ರ ಫೆಬ್ರವರಿ 12. ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಗೆ ಕೆಲವೇ ಗಂಟೆ ಬಾಕಿ. ಮಂಜುಗಡ್ಡೆಯ ಹಾದಿಯಲ್ಲಿ ಮಲಗಿ ಜಾರುವ ಆಟ ಲೂಜ್. ಅದರ ಅಭ್ಯಾಸದ ವೇಳೆ ಜಾರ್ಜಿಯಾದ 21 ವರ್ಷದ ನೋಡಾರ್ ಕುಮಾರಿತಾಶ್ವಿಲಿ ಗೋಡೆ ದಾಟಿ ಹಾರಿ, ಉಕ್ಕಿನ ಕಂಬಕ್ಕೆ ಬಡಿದು ತೀರಿಕೊಂಡರು. ಕಂಬಕ್ಕೆ ಮೆತ್ತೆ ಸುತ್ತಿರಲಿಲ್ಲ. ಅಧಿಕಾರಿಗಳು ‘ಹಾದಿಯಲ್ಲಿ ದೋಷ ಇಲ್ಲ’ ಅಂದ್ರು. ಆದ್ರೆ ಮರುದಿನವೇ ಗೋಡೆ ಎತ್ತರಿಸಿದ್ರು, ವೇಗ ತಗ್ಗಿಸೋಕೆ ಆಟ ಶುರುವಾಗೋ ಜಾಗವನ್ನೇ ಕೆಳಗೆ ತಂದ್ರು. ಒಂದೇ ದಿನದಲ್ಲಿ ಆಗೋ ಕೆಲಸ ಮೊದಲೇ ಆಗಬಹುದಿತ್ತು, ಅಲ್ವಾ?

ನಮ್ಮ ರಾಜ್ಯದಲ್ಲೂ ಇಂಥದ್ದು ಆಗಿದೆ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದ ಮೈಸೂರಿನ ಯುವಕ ಬದುಕಲಿಲ್ಲ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ತಂದೆ ದೂರು ಕೊಟ್ರು. ಆಯೋಜಕರ ಮೇಲೆ ಕೇಸ್ ದಾಖಲಾಯ್ತು.

ಈಗ ನಮ್ಮೂರಿಗೆ ಬನ್ನಿ. ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಹೊನಲು ಬೆಳಕಿನ ಕಬಡ್ಡಿ ಅನ್ಕೊಳ್ಳಿ. ಲೈಟ್ ಕಂಬ ಅಂಕಣದ ಗೆರೆಗೆ ಅಂಟಿಕೊಂಡೇ ನಿಂತಿದ್ರೆ, ಅದೂ ವ್ಯಾಂಕೂವರ್‌ನ ಕಂಬದಂಥದ್ದೇ. ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿ.ಮೀ.ಗೂ ಹೆಚ್ಚು ದಾರಿ. ಪೆಟ್ಟು ಬಿದ್ದ ಮೇಲೆ 108ಕ್ಕೆ ಫೋನ್ ಮಾಡಿ ಕಾಯೋದಕ್ಕಿಂತ, ಆಂಬುಲೆನ್ಸ್ ಮೈದಾನದಲ್ಲೇ ಇದ್ರೆ ಒಳ್ಳೇದು.

ತಲೆಗೆ ಪೆಟ್ಟಾದ್ರೆ ಹಟ ಮಾಡದೆ ಹೊರಗೆ ಬರೋದು ಆಟಗಾರನ ಹೊಣೆ. ಕಂಬ, ಡಾಕ್ಟರ್, ಆಂಬುಲೆನ್ಸ್ ಆಯೋಜಕರ ಹೊಣೆ. ಎಂಟ್ರಿ ಫೀ ಕಟ್ಟೋವಾಗ ಬಹುಮಾನ ಎಷ್ಟು ಅಂತ ಕೇಳ್ತೀರಲ್ಲ, ಈ ಮೂರನ್ನೂ ಕೇಳಿ.