ಶಾಲೆಯ ವಾರ್ಷಿಕ ಸಂಚಿಕೆ: ಕಟ್ಟಳೆ ಮೊದಲು, ಅಚ್ಚು ಆಮೇಲೆ

ಮಳವಳ್ಳಿ ಸೀಮೆಯ ಹೈಸ್ಕೂಲುಗಳಲ್ಲಿ ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಎರಡು ವಸ್ತುಗಳು ಮಕ್ಕಳ ಕೈಯಿಂದ ಕೈಗೆ ಓಡಾಡುತ್ತವೆ: ಗ್ರೂಪ್ ಫೋಟೊ ಮತ್ತು ಆಟೋಗ್ರಾಫ್ ಪುಸ್ತಕ. ಫೋಟೊದಲ್ಲಿ ಎಲ್ಲರೂ ಇರುತ್ತಾರೆ, ಯಾರೂ ಮಾತಾಡುವುದಿಲ್ಲ. ಆಟೋಗ್ರಾಫಿನಲ್ಲಿ ಮಾತಿದೆ, ಆದರೆ ಗೆಳೆಯರದ್ದು ಮಾತ್ರ. ಎಲ್ಲರ ಮುಖವನ್ನೂ ಎಲ್ಲರ ಮಾತನ್ನೂ ಒಂದೇ ಕಡೆ ಕೂಡಿಸಬಲ್ಲದ್ದು ಶಾಲೆಯ ವಾರ್ಷಿಕ ಸಂಚಿಕೆ.

ಆದರೆ ಬಹಳಷ್ಟು ಸಂಚಿಕೆಗಳನ್ನು ತೆರೆದರೆ ಮೊದಲು ಸಿಗುವುದು ಗಣ್ಯರ ಶುಭಾಶಯ, ಆಮೇಲೆ ಆಡಳಿತ ಮಂಡಳಿಯ ಭಾವಚಿತ್ರಗಳು. ಮಕ್ಕಳ ಬರಹಕ್ಕೆ ಉಳಿದ ಪುಟ. ಯಾರೋ ಬೇಕೆಂದೇ ಹೀಗೆ ಮಾಡಿದ್ದಲ್ಲ. ಯಾವ ಮಾತನ್ನು ಯಾರು ತೀರ್ಮಾನಿಸಬೇಕೆಂದು ಮೊದಲೇ ಬರೆದಿಡದೆ ಹೋದರೆ ದುಡ್ಡು ಕೊಟ್ಟವರೇ ಸಂಪಾದಕರಾಗುತ್ತಾರೆ. ಕಟ್ಟಳೆ ಎಂದರೆ ಮಕ್ಕಳ ಕೈ ಕಟ್ಟುವುದು ಎಂದು ಹಲವರು ತಿಳಿದಿದ್ದಾರೆ. ಸಂಚಿಕೆಯ ವಿಷಯದಲ್ಲಿ ಅದು ತಿರುಗುಮುರುಗು. ಬರೆದಿಟ್ಟ ಕಟ್ಟಳೆಯಿಂದಲೇ ಮಕ್ಕಳ ಕೈಗೆ ಅಧಿಕಾರ ಬರುತ್ತದೆ.

ಸಂಪಾದಕರು ಯಾರು?

1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರತಂದಿತು. ಅದರ ಹಿಂದೆ ನಿಂತವರು ಕಾಲೇಜಿನ ಮೇಷ್ಟ್ರು ಎ.ಆರ್. ಕೃಷ್ಣಶಾಸ್ತ್ರಿಗಳು. ಕಾಲೇಜಿನ ಸಂಘವೊಂದರ ಪತ್ರಿಕೆ ಬೆಳೆದು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ಹೊಣೆ ಹೊರುವ ಸಂಘ, ತಿದ್ದಿ ಕಲಿಸುವ ಗುರು, ಬರೆಯುವ ಹುರುಪಿನ ಹುಡುಗರು, ಈ ಮೂರೂ ಹೈಸ್ಕೂಲಿಗೂ ಬೇಕು.

ಸಮಿತಿಯಲ್ಲಿ ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳ ಹುಡುಗ ಹುಡುಗಿಯರಿರಲಿ. ಹತ್ತನೆಯವರು ಈ ವರ್ಷ ಹೊರಟುಹೋಗುವವರು. ಒಂಬತ್ತನೆಯವರು ಕೆಲಸ ಕಲಿತು ಮುಂದಿನ ವರ್ಷ ನಡೆಸುವವರು. ಬರಹ ಆರಿಸುವುದು, ಪುಟ ಜೋಡಿಸುವುದು, ಬೆಲೆ ಸೂಚಿಸುವುದು ಮಕ್ಕಳ ಕೆಲಸ. ಮಾರ್ಗದರ್ಶಿ ಶಿಕ್ಷಕರು ಕಾಗುಣಿತ, ಕಾನೂನು, ಲೆಕ್ಕ ಈ ಮೂರನ್ನು ನೋಡಬೇಕು. ಯಾವುದಾದರೂ ಬರಹ ಬೇಡವೆಂದರೆ ಕಾರಣವನ್ನು ಬರೆದು ಕೊಡಬೇಕು, ತಿದ್ದಿ ತರಲು ಅವಕಾಶವನ್ನೂ ಕೊಡಬೇಕು.

ಈ ಕೊನೆಯ ಮಾತಿಗೆ ಅಮೆರಿಕದ ಒಂದು ಮೊಕದ್ದಮೆ ಸಾಕ್ಷಿ. 1983ರಲ್ಲಿ ಮಿಸೌರಿಯ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನ ವಿದ್ಯಾರ್ಥಿ ಪತ್ರಿಕೆ ‘ಸ್ಪೆಕ್ಟ್ರಮ್’ನಲ್ಲಿ ಹದಿಹರೆಯದ ಗರ್ಭಧಾರಣೆ ಮತ್ತು ತಂದೆತಾಯಿಯರ ವಿಚ್ಛೇದನದ ಬಗ್ಗೆ ಲೇಖನಗಳು ಸಿದ್ಧವಾಗಿದ್ದವು. ಹೆಸರು ಹೇಳದಿದ್ದರೂ ಹುಡುಗಿಯರು ಯಾರೆಂದು ಗೊತ್ತಾಗಿಬಿಡುತ್ತದೆ ಎಂಬುದು ಪ್ರಾಂಶುಪಾಲರ ಆತಂಕ. ತಿದ್ದಲು ಸಮಯವಿಲ್ಲವೆಂದು ಅವರು ಎರಡು ಪುಟಗಳನ್ನೇ ಕಿತ್ತುಹಾಕಿಸಿದರು. ಆ ಪುಟಗಳಲ್ಲಿದ್ದ ಯಾವ ತಂಟೆಯೂ ಇಲ್ಲದ ಬರಹಗಳೂ ಹೋದವು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5–3ರ ಬಹುಮತದಿಂದ ಶಾಲೆಯ ಪರ ತೀರ್ಪು ಕೊಟ್ಟಿತು. ನಮಗೆ ಆ ತೀರ್ಪು ಅನ್ವಯಿಸುವುದಿಲ್ಲ, ಆದರೆ ಅದರ ಹಿಂದಿನ ಎಡವಟ್ಟು ಅನ್ವಯಿಸುತ್ತದೆ. ಓದಿ ಒಪ್ಪುವ ದಿನಾಂಕ ಮೊದಲೇ ಗೊತ್ತಾಗಿದ್ದರೆ ಎರಡು ಪುಟದ ಬದಲು ಎರಡು ವಾಕ್ಯ ತಿದ್ದಿದರೆ ಸಾಕಾಗುತ್ತಿತ್ತು.

ಹಾಗಾಗಿ ಕ್ಯಾಲೆಂಡರು ಕೂಡ ಕಟ್ಟಳೆಯ ಭಾಗವೇ. ಜೂನ್–ಜುಲೈನಲ್ಲಿ ಸಮಿತಿ, ಅಕ್ಟೋಬರ್ ಕೊನೆಗೆ ಬರಹ, ನವೆಂಬರಿನಲ್ಲಿ ಶಿಕ್ಷಕರ ಓದು. ಡಿಸೆಂಬರಿನಲ್ಲಿ ಪ್ರೆಸ್ಸುಗಳು ಕ್ಯಾಲೆಂಡರು, ಡೈರಿಗಳಲ್ಲಿ ಮುಳುಗಿರುತ್ತವೆ. ಜನವರಿಗೆ ಅಚ್ಚು ಹಿಡಿದರೆ ಬೀಳ್ಕೊಡುಗೆಯ ಹೊತ್ತಿಗೆ ಪುಸ್ತಕ ಕೈಗೆ ಬರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದ ಮೇಲೆ ಬಂದ ಸಂಚಿಕೆಯನ್ನು ಕೊಳ್ಳುವವರು ಊರಲ್ಲಿ ಇರುವುದಿಲ್ಲ.

ಬರಹ ಯಾರದ್ದು, ಚಿತ್ರ ಯಾರದ್ದು?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಎಂಟನೇ ತರಗತಿಯ ಹುಡುಗಿ ಬರೆದ ಕವಿತೆಯ ಹಕ್ಕು ಆ ಹುಡುಗಿಯದೇ, ಶಾಲೆಯದಲ್ಲ. ಶಾಲೆಗೆ ಸಿಗುವುದು ಈ ಸಂಚಿಕೆಯಲ್ಲಿ ಒಮ್ಮೆ ಅಚ್ಚು ಹಾಕುವ ಅನುಮತಿ. ಅದನ್ನು ಒಂದು ಸಾಲಿನ ಪತ್ರದಲ್ಲಿ ಪಡೆಯಬೇಕು. ಇದೇ ಕಾಯ್ದೆ ಇನ್ನೊಂದು ಕಡೆಗೂ ತಿರುಗುತ್ತದೆ. ಸಿನಿಮಾ ಹಾಡು, ಹೆಸರಾಂತ ಕವಿಯ ಪದ್ಯ, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಚಿತ್ರಗಳನ್ನು ಪುಟ ತುಂಬಿಸಲು ಬಳಸುವಂತಿಲ್ಲ. ಲೇಖಕರು ತೀರಿಕೊಂಡ 60 ವರ್ಷದವರೆಗೂ ಹಕ್ಕು ಇರುತ್ತದೆ.

ಗ್ರೂಪ್ ಫೋಟೊದ ಹಕ್ಕು ಸ್ಟುಡಿಯೊದವರದ್ದೇ ಎಂದು ಬಹಳ ಜನ ತಿಳಿದಿದ್ದಾರೆ. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ಆದ್ದರಿಂದ ಫೋಟೊಗ್ರಾಫರಿಗೆ ಬಾಯಿಮಾತಿನಲ್ಲಿ ಹೇಳದೆ, ಸಂಚಿಕೆಯಲ್ಲಿ ಬಳಸುತ್ತೇವೆ, ಮೂಲ ಫೈಲು ಕೊಡಬೇಕು ಎಂದು ಶಾಲೆಯ ಹೆಸರಿನಲ್ಲಿ ಆರ್ಡರ್ ಬರೆದು ಕೊಡುವುದು ಒಳ್ಳೆಯದು.

ಇನ್ನು ಬರಹದ ಮಾತಿಗೆ ಬಂದರೆ, ಮಳವಳ್ಳಿ ತಾಲ್ಲೂಕಿನ ಮಕ್ಕಳಿಗೆ ಬರೆಯಲು ವಸ್ತುವಿನ ಕೊರತೆಯಿಲ್ಲ. 1799ರಲ್ಲಿ ಟಿಪ್ಪು ಸೈನ್ಯಕ್ಕೂ ಇಂಗ್ಲಿಷರಿಗೂ ಕದನ ನಡೆದ ನೆಲ ಇದು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಶಿವನಸಮುದ್ರ ಇಲ್ಲೇ ಇದೆ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದ ಪರಂಪರೆಯ ನೀಲಗಾರರು ಹಾಡುವ ಕಾವ್ಯವಿದೆ. ಆ ಕಾವ್ಯ ಯಾರೊಬ್ಬರ ಸ್ವತ್ತೂ ಅಲ್ಲ, ಆದರೆ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಕಾನೂನು ಕೊಟ್ಟ ಹಕ್ಕು ಇದೆ. ರೆಕಾರ್ಡ್ ಮಾಡುವ ಮೊದಲು ಅವರನ್ನು ಕೇಳಬೇಕು, ಬರಹದ ಕೆಳಗೆ ಅವರ ಹೆಸರು ಹಾಕಬೇಕು, ಒಂದು ಪ್ರತಿ ಅವರ ಮನೆಗೆ ತಲುಪಿಸಬೇಕು.

ಎಲ್ಲರೂ ಇರಬೇಕು, ಯಾರೂ ನೋಯಬಾರದು

ಹಾಜರಿ ಪುಸ್ತಕದಲ್ಲಿರುವ ಪ್ರತಿ ಹೆಸರೂ ಸಂಚಿಕೆಯಲ್ಲಿ ಒಮ್ಮೆಯಾದರೂ ಬರಬೇಕು. ಫೋಟೊ ದಿನ ಬಾರದ ಮಗುವಿಗೆ ಇನ್ನೊಂದು ದಿನ ಇರಬೇಕು. ಪುಸ್ತಕ ಕೊಳ್ಳದವರ ಫೋಟೊ ಬಿಡುವಂತಿಲ್ಲ. ಭಾವಚಿತ್ರಕ್ಕೆ ಪೋಷಕರ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆಯನ್ನೇ ಕೇಳುತ್ತದೆ. ಬೇಡವೆಂದವರ ಹೆಸರು ಮಾತ್ರ ಬರಲಿ.

ಫೋನ್ ನಂಬರ್, ಮನೆ ವಿಳಾಸ, ಜಾತಿ ಬೇಡ. ಅಡ್ಡಹೆಸರು, ಮೈಬಣ್ಣ, ಮೈಕಟ್ಟಿನ ಮೇಲಿನ ತಮಾಷೆ ಬೇಡ. ಯಾರಿಗೆ ಯಾರು ಜೋಡಿ ಎಂಬ ಪುಟವಂತೂ ಬೇಡವೇ ಬೇಡ. ಅಚ್ಚಾದ ತಮಾಷೆಯನ್ನು ಮನೆಯವರೂ ಊರವರೂ ಓದುತ್ತಾರೆ.

ಒಂದು ವಿಷಯದಲ್ಲಿ ಮಾತ್ರ, ಒಪ್ಪಿಗೆ ಇದ್ದರೂ ಸಾಲದು. ಗೆಳತಿಗೆ ಆಗಲಿದ್ದ ಬಾಲ್ಯವಿವಾಹ ನಿಂತಿತು ಎಂದು ಒಬ್ಬಳು ಚೆನ್ನಾಗಿ ಬರೆದಳು ಎನ್ನೋಣ. ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ ಹೀಗೆ ಗುರುತು ಹಿಡಿಯುವ ಯಾವ ವಿವರವನ್ನೂ ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಲೈಂಗಿಕ ಅಪರಾಧಕ್ಕೆ ಒಳಗಾದ ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯೂ ಅದನ್ನೇ ಹೇಳುತ್ತದೆ. ಶಾಲೆಯ ಸಂಚಿಕೆಯಲ್ಲಿ ಶಾಲೆಯ ಹೆಸರು ಮುಖಪುಟದಲ್ಲೇ ಇರುತ್ತದೆ. ಹೆಸರು ಬದಲಿಸಿದರೂ ಊರಿಗೆ ಗೊತ್ತಾಗುತ್ತದೆ. ಅಂಥ ಬರಹ ಬಾಲ್ಯವಿವಾಹದ ಕಾನೂನಿನ ಬಗ್ಗೆ ಇರಲಿ, ಆ ಹುಡುಗಿಯ ಬಗ್ಗೆ ಬೇಡ.

ಬೆಲೆ ಕಟ್ಟುವ ಲೆಕ್ಕ

ಆಫ್‌ಸೆಟ್ ಅಚ್ಚಿನಲ್ಲಿ ದೊಡ್ಡ ಹಾಳೆಯ ಮೇಲೆ ಹಲವು ಪುಟ ಒಟ್ಟಿಗೆ ಬೀಳುತ್ತವೆ. 16 ಪುಟಕ್ಕೆ ಒಂದು ಫಾರಂ ಎಂದರೆ 64 ಪುಟಕ್ಕೆ ನಾಲ್ಕು. 66 ಪುಟ ಮಾಡಿದರೆ ಎರಡು ಪುಟಕ್ಕಾಗಿ ಇನ್ನೊಂದು ಹಾಳೆಯ ಖರ್ಚು ಬೀಳುತ್ತದೆ. ಬಣ್ಣದ ಪುಟಕ್ಕೆ ನಾಲ್ಕು ಪ್ಲೇಟು, ಕಪ್ಪು ಬಿಳುಪಿಗೆ ಒಂದೇ. ಬಣ್ಣ ಬೇಕಾದ ಫೋಟೊಗಳನ್ನೆಲ್ಲ ಒಂದೇ ಫಾರಮಿಗೆ ತಂದರೆ ಅರ್ಧ ಉಳಿತಾಯ ಅಲ್ಲೇ ಆಗುತ್ತದೆ.

ಪ್ಲೇಟು, ಡಿಟಿಪಿ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಲೆಕ್ಕ ತಿಳಿಯಲು ಹೀಗೆ ಹಿಡಿಯಿರಿ: ಇಂಥ ಸ್ಥಿರ ಖರ್ಚು 18,000 ರೂಪಾಯಿ, ಆಮೇಲೆ ಪ್ರತಿಯೊಂದಕ್ಕೆ 40. 200 ಪ್ರತಿಗೆ ಒಟ್ಟು 26,000, ಅಂದರೆ ಒಂದಕ್ಕೆ 130. 300 ಪ್ರತಿಗೆ 30,000, ಒಂದಕ್ಕೆ 100. ಜಾಹೀರಾತಿನಿಂದ 10,000 ಬಂದರೆ ಉಳಿಯುವುದು 20,000. ಮೂವತ್ತು ಪ್ರತಿ ಉಚಿತವಾಗಿ ಕೊಟ್ಟರೆ ಮಾರಲು 270. ಬೆಲೆ 75 ಇಟ್ಟರೆ ಖರ್ಚು ಹುಟ್ಟುತ್ತದೆ. ಪುಸ್ತಕ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಅಚ್ಚಿನ ಕೆಲಸಕ್ಕೆ ಇದೆ. ಹಾಗಾಗಿ ಮೂರು ಪ್ರೆಸ್ಸುಗಳಿಂದ ತೆರಿಗೆ ಸೇರಿಸಿಯೇ ಕೊಟೇಶನ್ ತರಿಸಬೇಕು.

ಇನ್ನೊಂದು ಎಚ್ಚರ: ಮಕ್ಕಳು ಮೊಬೈಲಿನಲ್ಲಿ ಟೈಪ್ ಮಾಡುವುದು ಯೂನಿಕೋಡ್, ಹಲವು ಪ್ರೆಸ್ಸುಗಳು ಪುಟ ಕಟ್ಟುವುದು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ. ಬದಲಿಸುವಾಗ ಒತ್ತು, ಅರ್ಕಾವತ್ತು ತಪ್ಪುತ್ತವೆ. ಕೊನೆಯ ಪ್ರೂಫಿನ ಪ್ರತಿ ಪುಟಕ್ಕೂ ಇಬ್ಬರ ಸಹಿ ಬೀಳದೆ ಅಚ್ಚು ಹತ್ತಬಾರದು.

ಜಾಹೀರಾತು, ಮಾರಾಟ

ಗೊಬ್ಬರದ ಅಂಗಡಿ, ಬೇಕರಿ, ಬಟ್ಟೆ ಅಂಗಡಿಗಳು ಊರಿನ ಶಾಲೆಗೆ ಒಂದು ಪುಟ ಕೊಡುತ್ತವೆ. ಪೂರ್ಣ, ಅರ್ಧ, ಕಾಲು ಪುಟಕ್ಕೆ ಎಲ್ಲರಿಗೂ ಒಂದೇ ದರ, ಕೈಗೆ ರಸೀದಿ. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆಯೇ ಅಡ್ಡಿ. ಮದ್ಯ, ಆನ್‌ಲೈನ್ ಜೂಜಿನದನ್ನೂ ಶಾಲೆ ಬೇಡವೆನ್ನಬೇಕು. ಪಕ್ಷದ ನಾಯಕರ ಶುಭಾಶಯಕ್ಕೆ ಪುಟ ಮಾರುವುದಿಲ್ಲ ಎಂದು ಬರೆದಿಟ್ಟರೆ, ಕೇಳಿದವರಿಗೆ ಮುಖ ನೋಡಿ ಇಲ್ಲವೆನ್ನುವ ಮುಜುಗರ ಮಕ್ಕಳಿಗೆ ಇರುವುದಿಲ್ಲ.

ಮುಂಗಡ ಚಂದಾ ಕನ್ನಡಕ್ಕೆ ಹೊಸದಲ್ಲ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ನಿಂತದ್ದೇ ಚಂದಾದಾರರ ಬಲದ ಮೇಲೆ. ಶಾಲೆಯೂ ನವೆಂಬರಿನಲ್ಲಿ ಹೆಸರು ಬರೆಸಿಕೊಂಡು, ಬಂದಷ್ಟಕ್ಕೆ ಒಂದಿಷ್ಟು ಸೇರಿಸಿ ಅಚ್ಚು ಹಾಕಲಿ. ಹಣ ಕೊಟ್ಟ ಮಗು ಊರು ಬಿಟ್ಟರೆ ವಾಪಸು ಎಷ್ಟು, ಪುಸ್ತಕ ಹರಿದಿದ್ದರೆ ಬದಲಿ ಯಾವಾಗ ಎಂಬುದು ರಸೀದಿಯ ಹಿಂದೆಯೇ ಇರಲಿ.

ಕೊಳ್ಳಲೇಬೇಕೆಂಬ ಒತ್ತಾಯ ಸಲ್ಲದು. ನಿಗದಿಯಾದ ಶುಲ್ಕದ ಹೊರತು ಬೇರೆ ವಸೂಲಿಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ತಡೆ ಹಾಕಿದೆ. ಹಾಲ್ ಟಿಕೆಟ್, ಟಿ.ಸಿ. ಕೊಡುವಾಗ ಸಂಚಿಕೆಯ ದುಡ್ಡು ಕೇಳಕೂಡದು. ಉಚಿತ ಪ್ರತಿಗಳನ್ನು ಯಾರಿಗೆ ಕೊಟ್ಟಿರೆಂದು ಪಟ್ಟಿ ಓದಬಾರದು. ಎಲ್ಲರ ಪ್ರತಿಗಳ ಜೊತೆಗೆ ಅವೂ ಸದ್ದಿಲ್ಲದೆ ತಲುಪಬೇಕು.

ಹಣ ಯಾರೊಬ್ಬರ ಮೊಬೈಲಿನ ಯುಪಿಐಗೂ ಹೋಗದೆ ಶಾಲೆಯ ಖಾತೆಗೆ ಬೀಳಬೇಕು. ಎಲ್ಲ ಮುಗಿದ ಮೇಲೆ ಜಮಾ ಖರ್ಚಿನ ಒಂದು ಹಾಳೆಯನ್ನು ಸೂಚನಾ ಫಲಕಕ್ಕೆ ಅಂಟಿಸಿ, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ಮುಂದೆಯೂ ಇಡಬೇಕು. ಉಳಿದ ಹಣ ಮುಂದಿನ ಸಂಚಿಕೆಗೆ. ಅದೇ ಸಭೆಯಲ್ಲಿ ಒಂಬತ್ತನೆಯವರು ಈ ವರ್ಷ ಯಾವ ಕಟ್ಟಳೆ ತೊಡಕಾಯಿತು, ಯಾವುದು ಸಾಲಲಿಲ್ಲ ಎಂದು ಹೇಳಿ ತಿದ್ದುಪಡಿ ಬರೆಯಲಿ. ಪುಸ್ತಕವನ್ನು ಮಕ್ಕಳೇ ನಡೆಸಿದರು ಎನ್ನಬೇಕಾದರೆ ಅದರ ಕಟ್ಟಳೆಯನ್ನೂ ಅವರೇ ತಿದ್ದಿರಬೇಕು.