ಪ್ರಯೋಗಶಾಲೆಯ ದಿನಚರಿ

ವಿಜ್ಞಾನಿಯ ಹೆಸರನ್ನು ಕೇಳಿದೊಡನೆ ಆತನು ಕಂಡುಹಿಡಿದ ಸಂಗತಿಯೂ ಪಡೆದ ಬಹುಮಾನವೂ ನೆನಪಿಗೆ ಬರುತ್ತವೆ. ಆದರೆ ಕೀರ್ತಿ ತಂದ ಆ ಒಂದು ದಿನದ ಹಿಂದೆ ಯಾರ ಕಣ್ಣಿಗೂ ಬೀಳದ ಎಷ್ಟೋ ದಿನಗಳಿರುತ್ತವೆ. ಗಾಜಿನ ಪಾತ್ರೆಗಳನ್ನು ತೊಳೆಯುವುದು, ದ್ರವಗಳನ್ನು ಶುದ್ಧಿಗೊಳಿಸುವುದು, ನೋಡಿದುದನ್ನೇ ಮತ್ತೆ ನೋಡುವುದು, ಕಂಡುದನ್ನು ಬರೆದಿಡುವುದು — ಸಂಶೋಧಕನ ಬಾಳಿನ ಬಹುಪಾಲು ಕಳೆಯುವುದು ಇಂಥ ಕೆಲಸಗಳಲ್ಲಿಯೇ. ಕಲ್ಕತ್ತೆಯಲ್ಲಿ ಸರ್ ಸಿ. ವಿ. ರಾಮನ್ ಅವರೂ ಅವರ ಶಿಷ್ಯರೂ ನಡೆಸಿದ ಸಂಶೋಧನೆ ಇದಕ್ಕೆ ಒಳ್ಳೆಯ ನಿದರ್ಶನ.

ರಾಮನ್ ಅವರು 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದರು. ಅಲ್ಲಿ 1876ರಲ್ಲಿ ಮಹೇಂದ್ರಲಾಲ್ ಸರ್ಕಾರರು ಸ್ಥಾಪಿಸಿದ್ದ ವಿಜ್ಞಾನ ಸಂಘವೊಂದಿತ್ತು. ಕಚೇರಿಯ ಕೆಲಸಕ್ಕೆ ಮೊದಲು ಬೆಳಗಿನಲ್ಲಿಯೂ, ಕೆಲಸ ಮುಗಿದ ಮೇಲೆ ರಾತ್ರಿಯವರೆಗೂ ಅವರು ಅದರ ಪ್ರಯೋಗಶಾಲೆಯಲ್ಲಿ ದುಡಿದರು. ಹತ್ತು ವರ್ಷಗಳ ಅನಂತರ, 1917ರಲ್ಲಿ, ಆ ಹುದ್ದೆಯನ್ನು ಬಿಟ್ಟು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿಬಂದರು. ಹಡಗಿನಿಂದ ಕಂಡ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಮನಸ್ಸನ್ನು ಸೆಳೆಯಿತು. ಅದು ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರಿನ ಅಣುಗಳು ಬೆಳಕನ್ನು ಚದರಿಸುವುದೂ ಅದಕ್ಕೆ ಕಾರಣವೆಂದು ಅವರು ತೋರಿಸಿದರು. ಅಂದಿನಿಂದ ದ್ರವಗಳು ಬೆಳಕನ್ನು ಚದರಿಸುವ ರೀತಿಯನ್ನು ಪರೀಕ್ಷಿಸುವುದೇ ಪ್ರಯೋಗಶಾಲೆಯ ನಿತ್ಯದ ಕೆಲಸವಾಯಿತು.

ಪ್ರಯೋಗದ ಸಾಮಗ್ರಿ ಸರಳವಾಗಿತ್ತು. ಬಿಸಿಲಿನ ಕಿರಣವನ್ನು ಮಸೂರಗಳಿಂದ ಒಟ್ಟುಗೂಡಿಸಿ ಗಾಜಿನ ಬುರುಡೆಯಲ್ಲಿದ್ದ ದ್ರವದ ಮೇಲೆ ಬೀಳಿಸುತ್ತಿದ್ದರು. ಕಿರಣದ ದಾರಿಯಲ್ಲಿ ನೇರಿಳೆ ಬಣ್ಣದ ಶೋಧಕವನ್ನಿಟ್ಟರೆ ಆ ಬಣ್ಣದ ಬೆಳಕು ಮಾತ್ರ ದ್ರವವನ್ನು ಸೇರುತ್ತದೆ. ಚದರಿ ಬರುವ ಬೆಳಕೂ ಅದೇ ಬಣ್ಣದ್ದಾದರೆ, ನೇರಿಳೆಯನ್ನು ತಡೆಯುವ ಹಸಿರು ಶೋಧಕದ ಮೂಲಕ ನೋಡುವವರಿಗೆ ಏನೂ ಕಾಣಬಾರದು. ಆದರೆ 1923ರಲ್ಲಿ ಶಿಷ್ಯರಾದ ಕೆ. ಆರ್. ರಾಮನಾಥನ್ ಅವರಿಗೆ ಅಲ್ಲೊಂದು ಮಂದವಾದ ಬೆಳಕು ಕಂಡಿತು.

ಇದು ಹೊಸ ಸಂಗತಿಯೇ, ಅಥವಾ ದ್ರವದಲ್ಲಿ ಸೇರಿಕೊಂಡ ಕಶ್ಮಲದ ಹೊಳಪೇ? ಕಶ್ಮಲದ್ದಾದರೆ ಪಟ್ಟ ಶ್ರಮಕ್ಕೆ ಬೆಲೆಯಿಲ್ಲ. ಅಲ್ಲವಾದರೆ, ಅಣುವನ್ನು ತಾಕಿದ ಬೆಳಕು ತನ್ನ ಬಣ್ಣವನ್ನೇ ಬದಲಾಯಿಸಿಕೊಳ್ಳುತ್ತದೆಂದು ಒಪ್ಪಬೇಕಾಗುತ್ತದೆ. ಸಂಶೋಧಕರು ಹೊಸತನ್ನು ಕಂಡೆವೆಂದು ಹಿಗ್ಗಲಿಲ್ಲ; ಮೊದಲು ತಮ್ಮ ದ್ರವವನ್ನೇ ಸಂಶಯಿಸಿದರು. ಗಾಳಿಯನ್ನು ತೆಗೆದ ಪಾತ್ರೆಯಲ್ಲಿ ಅದನ್ನು ನಿಧಾನವಾಗಿ ಭಟ್ಟಿ ಇಳಿಸಿದರು. ಮತ್ತೆ ಮತ್ತೆ ಇಳಿಸಿದರು. ಎಷ್ಟು ಶುದ್ಧಿಗೊಳಿಸಿದರೂ ಆ ಮಂದ ಬೆಳಕು ಅಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ದ್ರವಗಳಲ್ಲಿಯೂ ಅದು ಕಾಣಿಸಿಕೊಂಡಿತು.

ಕೊನೆಗೆ ಎಸ್. ವೆಂಕಟೇಶ್ವರನ್ ಅವರು ಚೆನ್ನಾಗಿ ಶುದ್ಧಿಗೊಳಿಸಿದ ಗ್ಲಿಸರಿನ್ನಿನಲ್ಲಿ ಚದರಿದ ಬೆಳಕು ನೀಲಿಯಾಗಿರದೆ ಹಸಿರಾಗಿರುವುದನ್ನು ಕಂಡರು. ಆ ಬೆಳಕಿನ ಅಲೆಗಳು ಬಹುಮಟ್ಟಿಗೆ ಒಂದೇ ನೇರದಲ್ಲಿ ಕಂಪಿಸುತ್ತಿದ್ದವು. ಕಶ್ಮಲದ ಹೊಳಪಿಗೆ ಸಾಮಾನ್ಯವಾಗಿ ಈ ಲಕ್ಷಣ ಇರುವುದಿಲ್ಲ. 1928ರ ಆರಂಭದಲ್ಲಿ ರಾಮನ್ ಅವರು ಈ ಕೆಲಸವನ್ನು ಕೆ. ಎಸ್. ಕೃಷ್ಣನ್ ಅವರಿಗೆ ವಹಿಸಿದರು. ಇಬ್ಬರೂ ಸೇರಿ ಸುಮಾರು ಅರವತ್ತು ದ್ರವಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲಿಯೂ ಅದೇ ಬೆಳಕು! ಅರವತ್ತು ದ್ರವಗಳಲ್ಲಿಯೂ ಒಂದೇ ಬಗೆಯ ಕಶ್ಮಲವಿರಲು ಸಾಧ್ಯವೆ? ಕೃಷ್ಣನ್ ಅವರು ನಡೆದುದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. ಫೆಬ್ರವರಿ 7ರ ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಗುರುಗಳೇ ಶಿಷ್ಯನ ಮನೆಗೆ ಧಾವಿಸಿ ಬಂದುದು ಅದರಲ್ಲಿ ದಾಖಲಾಗಿದೆ.

ಫೆಬ್ರವರಿ 28ರಂದು ರಾಮನ್ ಅವರು ಚದರಿದ ಬೆಳಕನ್ನು ರೋಹಿತದರ್ಶಕದ ಮೂಲಕ ನೋಡಿದರು. ದ್ರವದ ಮೇಲೆ ಬಿದ್ದ ಬೆಳಕಿನ ಬಣ್ಣವೂ ಹೊಸ ಬೆಳಕಿನ ಬಣ್ಣವೂ ಬೇರೆಬೇರೆಯಾಗಿ, ನಡುವೆ ಕತ್ತಲೆಯ ಪಟ್ಟಿಯೊಂದು ಸ್ಪಷ್ಟವಾಗಿ ಕಂಡಿತು. ಐದು ವರ್ಷಗಳ ಸಂಶಯ ನೀಗಿತು. ಅದೇ ವರ್ಷ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರು ಈ ಶೋಧವನ್ನು ವಿವರಿಸಿದರು. ಕೃಷ್ಣನ್, ವೆಂಕಟೇಶ್ವರನ್ ಮೊದಲಾದ ಸಹಾಯಕರನ್ನು ಸ್ಮರಿಸಲು ಮರೆಯಲಿಲ್ಲ. 1930ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಚದರಿದ ಬೆಳಕಿನಲ್ಲಿ ಕಾಣುವ ಹೊಸ ಬಣ್ಣಗಳು ಒಂದೊಂದು ಪದಾರ್ಥಕ್ಕೂ ಒಂದೊಂದು ವಿಧ. ಆದುದರಿಂದ ಪದಾರ್ಥವನ್ನು ಕೆಡಿಸದೆಯೇ ಅದು ಏನೆಂದು ತಿಳಿಯಲು 'ರಾಮನ್ ಪರಿಣಾಮ' ಇಂದಿಗೂ ನೆರವಾಗುತ್ತಿದೆ. 1987ರಿಂದ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವನ್ನಾಗಿ ಆಚರಿಸಲಾಗುತ್ತಿದೆ.

ನಾಡು ಆಚರಿಸುವುದು ಆ ಒಂದು ದಿನವನ್ನು. ಆದರೆ ಕೊಳೆಯೆಂದು ತೊಳೆಯಹೊರಟುದೇ ಸತ್ಯವೆಂದು ತಿಳಿಯಬೇಕಾದರೆ, ಮೊದಲು ಕೊಳೆಯನ್ನೆಲ್ಲ ಪ್ರಾಮಾಣಿಕವಾಗಿ ತೊಳೆದಿರಬೇಕು. ತನಗೆ ಪ್ರಿಯವಾದ ಊಹೆಯನ್ನು ತಾನೇ ಮೊದಲು ಪರೀಕ್ಷೆಗೆ ಒಡ್ಡುವ ಈ ನಿಷ್ಠೆಯೇ ವಿಜ್ಞಾನಿಯ ನಿತ್ಯದ ದುಡಿಮೆ. ದೊಡ್ಡ ಶೋಧ ಅದರ ಫಲ.